ಅಜ್ಜಿಯ ಮಾರು, ಮೊಮ್ಮಗಳ ಮಾರು

ಆರು ವರ್ಷದ ಹಿಂದೆ ನಾನು ಕೂರಿಸಿಕೊಟ್ಟ ಒಂದು ಕಿಟಕಿ ಗ್ರಿಲ್ಲಿನ ಬಗ್ಗೆ ಶಿವಮೊಗ್ಗದ ವಿನೋಬನಗರದಿಂದ ಫೋನು ಬಂತು. ಅಲುಗಾಡುತ್ತಿದೆ ಅಂತಲ್ಲ, ತುಕ್ಕು ಹಿಡಿದಿದೆ ಅಂತಲೂ ಅಲ್ಲ. ಆ ಮನೆಯ ಸೊಸೆ, ಹೈಸ್ಕೂಲ್ ಟೀಚರ್, ಹೇಳಿದ್ದು ಇಷ್ಟೇ:

"ಮೇಡಂ, ನಿಮ್ಮ ಗ್ರಿಲ್ ತುಂಬಾ ಗಟ್ಟಿ ಇದೆ. ಎಷ್ಟು ಗಟ್ಟಿ ಅಂದ್ರೆ, ಮೊನ್ನೆ ನಮಗೇ ಹೊರಗೆ ಬರಕ್ಕಾಗ್ಲಿಲ್ಲ."

ಹೊಗಳುತ್ತಿದ್ದಾರೋ ಬಯ್ಯುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಮೆಟ್ಟಿಲ ಕೆಳಗಿಟ್ಟಿದ್ದ ಇನ್ವರ್ಟರಿನ ವೈರು ಬಿಸಿಯಾಗಿ ಕರಟಿಹೋಗಿ, ಹೊಗೆಯೆಲ್ಲ ಮೆಟ್ಟಿಲ ದಾರಿಯಲ್ಲೇ ಮೇಲೆ ಹತ್ತಿತ್ತು. ಭಾನುವಾರ ಮಧ್ಯಾಹ್ನ, ಅವರು ನಾಲ್ಕು ವರ್ಷದ ಮಗಳ ಜೊತೆ ಮೇಲಿನ ಬೆಡ್‌ರೂಮಿನಲ್ಲಿ ಮಲಗಿದ್ದರು. ಬಾಗಿಲು ತೆರೆದರೆ ಕಪ್ಪು ಹೊಗೆ. ಮುಚ್ಚಿಕೊಂಡು ಕಿಟಕಿಗೆ ಬಂದರೆ ನನ್ನ ಗ್ರಿಲ್ಲು. ಪಕ್ಕದ ಮನೆಯವರು ಓಡಿಬಂದು ಮೇನ್ ಸ್ವಿಚ್ ಆರಿಸಿ, ಹೊಗೆ ಹೋಗುವ ತನಕ ತಾಯಿ ಮಗಳು ಸರಳು ಹಿಡಿದುಕೊಂಡು ನಿಂತಿದ್ದರಂತೆ. ಯಾರಿಗೂ ಏನೂ ಆಗಲಿಲ್ಲ. ಆದರೂ ನನಗೆ ಅವತ್ತು ಊಟ ಸೇರಲಿಲ್ಲ.

ಭದ್ರಾವತಿಯಲ್ಲಿ ನನ್ನದೊಂದು ವರ್ಕ್‌ಶಾಪ್ ಇದೆ. ಗೇಟು, ಗ್ರಿಲ್ಲು, ಮೆಟ್ಟಿಲಿನ ಕಂಬಿ, ಶೀಟಿನ ಮಾಡು, ಇವಿಷ್ಟು ನಮ್ಮ ಕೆಲಸ. ಅಪ್ಪ ಶುರು ಮಾಡಿದ್ದು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಅದನ್ನೇ ಮುಂದುವರಿಸಿದೆ. ಹೊಸ ಗಿರಾಕಿ ಬಂದಾಗ ನಾನು ಎದೆಯುಬ್ಬಿಸಿ ಹೇಳುತ್ತಿದ್ದ ಮಾತು ಒಂದಿತ್ತು: "ಭದ್ರಾವತಿ ಮಾಲು, ಹೆಸರಲ್ಲೇ ಭದ್ರ ಇದೆ." ಹೇಳಿ ಹೇಳಿ ನನಗೇ ಅದರ ಮೇಲೆ ನಂಬಿಕೆ ಬಂದುಬಿಟ್ಟಿತ್ತು. ಕಳ್ಳ ಒಳಗೆ ಬರಬಾರದು ಎಂದು ಯೋಚಿಸಿದ್ದೆನೇ ಹೊರತು, ಮನೆಯವರು ಹೊರಗೆ ಹೋಗಬೇಕಾಗಿ ಬಂದರೆ ಏನು ಗತಿ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಮರುದಿನವೇ ಟೇಪು ಹಿಡಿದು ಶಿವಮೊಗ್ಗದ ಬಸ್ಸು ಹತ್ತಿದೆ. ಮನೆಗೆ ಹೋಗಿ ನೋಡಿದರೆ ಅಲ್ಲಿ ಎರಡು ಪಕ್ಷ ಆಗಿತ್ತು. ಸೊಸೆಗೆ ತೆರೆಯುವ ಗ್ರಿಲ್ ಬೇಕು. ಅತ್ತೆಗೆ ಅದರ ಮಾತೇ ಬೇಡ. ಅತ್ತೆ ಎಂದರೆ ಅರವತ್ತೈದು ದಾಟಿದ, ಐದಡಿಗೂ ಎರಡು ಬೆರಳು ಕಡಿಮೆ ಇರುವ, ಆದರೆ ಮಾತಿನಲ್ಲಿ ಯಾರಿಗೂ ಕಡಿಮೆ ಇಲ್ಲದ ಹೆಂಗಸು.

"ಅಲ್ಲ ಮಾರಾಯ್ತಿ, ಕಿಟಕಿಗೆ ಬಾಗಿಲಿಟ್ರೆ ಮಗು ಸುಮ್ನಿರುತ್ತಾ? ಬೀರು ಬಾಗಿಲನ್ನೇ ಬಿಡಲ್ಲ ಅದು. ಕೆಳಗೆ ನೋಡಿದ್ಯಾ, ಗೇಟಿನ ಮೇಲೆ ಈಟಿ ಈಟಿ ಇಟ್ಟಿದ್ದೀಯ. ಬಿದ್ರೆ?"

ಆ ಗೇಟೂ ನನ್ನದೇ.

"ಹೊಗೆ ಬಂದ್ರೆ ಏನ್ಮಾಡೋದು ಅತ್ತೆ?" ಅಂದರು ಟೀಚರ್.

"ಹೊಗೆ ಒಂದ್ಸಲ ಬಂತು. ಮಗು ದಿನಾ ಹತ್ತುತ್ತೆ."

ಇಬ್ಬರ ಮಾತೂ ಸರಿ ಇತ್ತು. ಇಬ್ಬರಲ್ಲಿ ಒಬ್ಬರು ತಪ್ಪು ಹೇಳಿದ್ದರೆ ನನ್ನ ಕೆಲಸ ಎಷ್ಟು ಸುಲಭವಾಗಿರುತ್ತಿತ್ತು!

ರೂಮು ನೋಡಿದೆ. ಇದ್ದದ್ದು ಒಂದೇ ಕಿಟಕಿ, ದಕ್ಷಿಣದ ಗೋಡೆಗೆ. ಐದಡಿ ಅಗಲ, ನಾಲ್ಕಡಿ ಎತ್ತರ. ಹೊರಗೆ, ಕಿಟಕಿಯಿಂದ ಮೂರಡಿ ಕೆಳಗೆ ಪೋರ್ಟಿಕೋದ ತಾರಸಿ. ದೊಡ್ಡವರು ಇಳಿದು ನಿಂತು ಏಣಿಗೆ ಕಾಯಲು ಒಳ್ಳೆಯ ಜಾಗ. ಆದರೆ ಅಂಚಿಗೆ ಒಂದು ಗೇಣಿನ ತಡೆಯೂ ಇಲ್ಲ. ಮಗು ಹೊರಬಿದ್ದರೆ ನಾಲ್ಕೇ ಹೆಜ್ಜೆಗೆ ಅಂಚು, ಅದರ ಕೆಳಗೆ ನನ್ನ ಈಟಿಯ ಗೇಟು.

ಒಳಗೆ ಕಿಟಕಿಗೆ ತಾಗಿಸಿಯೇ ಮಂಚ ಹಾಕಿದ್ದರು. ನೆಲದಿಂದ ಮೂರಡಿ ಇದ್ದ ಕಿಟಕಿಯ ಕಟ್ಟೆ ಹಾಸಿಗೆಯಿಂದ ಒಂದೇ ಅಡಿ. ಮಗು ಹಾಸಿಗೆ ಮೇಲೆ ನಿಂತರೆ ಕಿಟಕಿ ಅದರ ಎದೆಗಿಂತ ಕೆಳಗೆ ಶುರುವಾಗುತ್ತಿತ್ತು.

"ಮಂಚ ತಿರುಗಿಸಿ ಹಾಕಿದ್ರೆ ಅರ್ಧ ಕೆಲಸ ಮುಗೀತಲ್ಲ ಅಮ್ಮಾ" ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಿರುಗಿಸಿದ್ರೆ ತಲೆ ಉತ್ತರಕ್ಕೆ ಬರುತ್ತೆ. ಉತ್ತರಕ್ಕೆ ತಲೆ ಹಾಕಿ ಯಾರು ಮಲಗ್ತಾರೆ? ಭದ್ರಾವತೀಲಿ ಮಲಗ್ತೀರಾ?"

ನಾವೂ ಮಲಗುವುದಿಲ್ಲ. ಪೂರ್ವಕ್ಕೆ ಗೋಡೆಯಲ್ಲೇ ಕಟ್ಟಿದ ಬೀರು, ಪಶ್ಚಿಮಕ್ಕೆ ಬಚ್ಚಲಿನ ಬಾಗಿಲು. ಮಂಚ ಇದ್ದಲ್ಲೇ ಇರುತ್ತದೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಹಾಗಾದರೆ ಎತ್ತರದಲ್ಲಿ ಚಿಲಕ ಇಟ್ಟು ಮಗುವನ್ನು ತಡೆಯುವ ಉಪಾಯ ನಡೆಯುವುದಿಲ್ಲ. ಮಂಚದ ತಲೆಹಲಗೆ ಹತ್ತಿದರೆ ಎತ್ತರದ ಚಿಲಕವೂ ಕೈಗೆ ಸಿಗುತ್ತದೆ.

ಆಮೇಲೆ ನನ್ನ ಹಳೆಯ ಗ್ರಿಲ್ಲನ್ನು ಸರಿಯಾಗಿ ನೋಡಿದೆ. ಅಡ್ಡಪಟ್ಟಿ, ನಡುನಡುವೆ ಬಳೆ, ಮೂಲೆಯಲ್ಲಿ ಹೂವಿನ ಡಿಸೈನು. ಆಗ ಅದು ನನಗೆ ಬಹಳ ಚೆಂದ ಕಂಡಿತ್ತು. ಸಣ್ಣ ಮಕ್ಕಳಿರುವ ಮನೆಯಲ್ಲಿ ಸರಳಿನ ಸಂದು ನಾಲ್ಕು ಇಂಚು ಮೀರಬಾರದು, ಮಗುವಿನ ಮೈ ತೂರುವಂತಿರಬಾರದು ಎಂದು ನಾನು ಅಜ್ಜಿಗೆ ವಿವರಿಸುತ್ತಿರುವಾಗ ಅವರು ಎದ್ದು ಅಡಿಗೆಮನೆಗೆ ಹೋದರು. ಬರುವಾಗ ಕೈಯಲ್ಲಿ ಜುಟ್ಟು ತೆಗೆದ ತೆಂಗಿನಕಾಯಿ ಇತ್ತು.

"ಇದು ನಾಕಿಂಚಿರುತ್ತಾ?"

ಅಳೆದೆ. ಹೆಚ್ಚುಕಡಿಮೆ ಅಷ್ಟೇ ಇತ್ತು. ಅಜ್ಜಿ ಅದನ್ನು ಒಂದೊಂದೇ ಸಂದಿಗೆ ಹಿಡಿಯುತ್ತಾ ಹೋದರು. ಮೂರು ಕಡೆ ನಿಂತಿತು. ನಾಲ್ಕನೆಯದು ಹೂವಿನ ಪಕ್ಕದ ಸಂದು. ಅಲ್ಲಿ ಕಾಯಿ ಸಲೀಸಾಗಿ ತೂರಿ, ತಾರಸಿಗೆ ಬಿದ್ದು, ಉರುಳಿ, ಅಂಚಿನಿಂದ ಕೆಳಗೆ ಹೋಯಿತು. ಗೇಟಿಗೆ ಬಡಿದ ಸದ್ದು ಮೇಲೆ ಕೇಳಿಸಿತು. ಅಡ್ಡಪಟ್ಟಿ ಹತ್ತಿ ನಿಂತಿದ್ದ ಮಗು ಚಪ್ಪಾಳೆ ತಟ್ಟಿ, "ಇನ್ನೊಂದು!" ಅಂದಿತು.

ನನ್ನ ಭದ್ರವಾದ ಗ್ರಿಲ್ಲು ದೊಡ್ಡವರನ್ನು ಒಳಗೆ ಕೂಡಿಹಾಕಿ, ಮಗುವಿಗೆ ಏಣಿ ಹಾಕಿಕೊಟ್ಟಿತ್ತು. ನಾಚಿಕೆಯಾಯಿತು. ಇದನ್ನು ಸರಿಮಾಡದೆ ಬಿಡುವುದಿಲ್ಲ ಎಂದು ಅಲ್ಲೇ ಹಟ ಹಿಡಿದೆ.

ಮೊದಲ ಸಲ ಮಾಡಿದ್ದು ಸುಲಭದ ಉಪಾಯ. ಅಡ್ಡಪಟ್ಟಿಯೇ ಇಲ್ಲದೆ ಬರೀ ಉದ್ದ ಸರಳು, ಮೂರೂವರೆ ಇಂಚಿನ ಸಂದು, ಕಾಲಿಡಲು ಎಲ್ಲೂ ಆಸರೆ ಇಲ್ಲ. ನಡುವೆ ಎರಡಡಿ ಅಗಲದ, ಹೊರಕ್ಕೆ ತೆರೆಯುವ ಬಾಗಿಲು. ಒಳಕ್ಕೆ ತೆರೆದರೆ ಮಂಚದ ತಲೆಹಲಗೆ ತಾಗುತ್ತದೆ. ಬಾಗಿಲಿಗೊಂದು ಬೀಗ. ಬೀಗದ ಕೈ ಕಿಟಕಿ ಪಕ್ಕದ ಗೋಡೆಯಲ್ಲೇ, ಮಂಚದಿಂದ ಮಗುವಿಗೆ ಎಟುಕದಷ್ಟು ದೂರದಲ್ಲಿ, ಒಂದು ಮೊಳೆಯ ಮೇಲೆ. ತಾರಸಿಯ ಅಂಚಿಗೆ ಸೊಂಟದೆತ್ತರದ ಕಂಬಿಯನ್ನೂ ಹಾಕಿ, ಗೇಟಿನ ಈಟಿಗಳನ್ನು ಗ್ರೈಂಡರಿನಲ್ಲಿ ಬೋಳಿಸಿಬಿಟ್ಟೆ. ಹಳೆಯ ಗ್ರಿಲ್ ಕತ್ತರಿಸಲು ಅರ್ಧ ದಿನ ಹಿಡಿಯಿತು. ನಮ್ಮ ಹಿರಿಯ ವೆಲ್ಡರ್ ಮಾಸ್ಕ್ ಎತ್ತಿ, "ಬೆಸುಗೆ ಮಾತ್ರ ಚೆನ್ನಾಗಿತ್ತಮ್ಮಾ" ಎಂದು ನನ್ನನ್ನು ಸಮಾಧಾನ ಮಾಡಿದರು. ಮನೆಮಾತು ತಮಿಳು, ವಯಸ್ಸಿನಲ್ಲಿ ನನ್ನ ಅಪ್ಪನ ಜೊತೆಯವರು.

ಎರಡು ಪಕ್ಷವೂ ಒಪ್ಪಿತು. ನಾನು ಖುಷಿಯಾಗಿ ಊರಿಗೆ ಬಂದೆ. ಆದರೆ ಈ ಸಲ ಒಂದು ಬುದ್ಧಿ ಬಂದಿತ್ತು: ಕೂರಿಸಿದ್ದನ್ನು ಪರೀಕ್ಷೆ ಮಾಡದೆ ನಂಬಬಾರದು. ಹತ್ತು ದಿನ ಬಿಟ್ಟು, ಟೀಚರಿಗೆ ಮಾತ್ರ ತಿಳಿಸಿ, ಅಜ್ಜಿಗೆ ಹೇಳದೆ ಹೋದೆ. ಮೇಲೆ ಕರೆದುಕೊಂಡು ಹೋಗಿ, "ಅಮ್ಮಾ, ಈಗ ಹೊಗೆ ಬಂದಿದೆ ಅಂದ್ಕೊಳ್ಳಿ. ಕಿಟಕಿ ತೆಗೀರಿ" ಎಂದು ಗಡಿಯಾರ ನೋಡುತ್ತಾ ನಿಂತೆ.

ಮೊಳೆಯ ಮೇಲೆ ಬೀಗದ ಕೈ ಇರಲಿಲ್ಲ.

"ಕಾಣದ ಹಾಗೆ ಆಗ್ಬಾರ್ದು ಅಂತ ತೆಗೆದಿಟ್ಟಿದ್ದೀನಿ, ತಡಿ" ಎಂದು ಅಜ್ಜಿ ಕೆಳಗಿಳಿದರು. ಬೀಗದ ಕೈ ಇದ್ದದ್ದು ಕುಂಕುಮದ ಬೆಳ್ಳಿ ಭರಣಿಯಲ್ಲಿ. ಭರಣಿ ಇದ್ದದ್ದು ಕೆಳಗಿನ ಬೀರುವಿನ ಲಾಕರಿನಲ್ಲಿ. ಲಾಕರಿನ ಕೈ ಇದ್ದದ್ದು ಅಕ್ಕಿ ಡಬ್ಬದಲ್ಲಿ. ಅಕ್ಕಿ ಡಬ್ಬಕ್ಕೆ ನಿನ್ನೆ ತಾನೇ ಹೊಸ ಅಕ್ಕಿ ತುಂಬಿದ್ದರು. ಅಜ್ಜಿ ಮೊಣಕೈ ತನಕ ಕೈಯನ್ನು ಅಕ್ಕಿಯಲ್ಲಿ ಮುಳುಗಿಸಿ ಹುಡುಕುವಾಗ ಮಗು ಪಕ್ಕದಲ್ಲಿ ಕೂತು ಅಕ್ಕಿಯಲ್ಲಿ ಆಡುತ್ತಿತ್ತು. ಇಪ್ಪತ್ತು ನಿಮಿಷದ ಮೇಲೆ ಬೀಗದ ಕೈ ಸಿಕ್ಕಿತು.

"ಮೊಳೆಗೆ ಹಾಕಿಟ್ಟಿದ್ದೆನಲ್ಲಮ್ಮಾ!" ಎಂದೆ. ನನ್ನ ದನಿ ಸ್ವಲ್ಪ ಏರಿಯೇ ಇತ್ತು.

"ಮೊಳೆ ಮೇಲಿದ್ರೆ ಯಾರಾದ್ರೂ ಎತ್ಕೊಂಡು ಹೋದ್ರೆ? ಅದಕ್ಕೇ ಭದ್ರವಾಗಿ ಇಟ್ಟಿದ್ದೆ."

ಭದ್ರ! ನನ್ನ ಅಂಗಡಿಯ ಮಾತು ನನಗೇ ಬಂದು ತಗುಲಿತು. ಸಿಟ್ಟು ಬಂದಿತ್ತು, ಆದರೆ ಅಜ್ಜಿಗೆ ಏನೂ ಹೇಳುವಂತಿರಲಿಲ್ಲ. ನಮ್ಮ ಮನೆಯಲ್ಲೂ ಬೇಕಾದ ವಸ್ತುವನ್ನು ಭದ್ರವಾಗಿ ಇಟ್ಟರೆ ಅದು ಮತ್ತೆ ಸಿಗುವುದು ಸುಣ್ಣ ಬಣ್ಣ ಮಾಡಿಸುವಾಗಲೇ.

ಟೀಚರ್ ಕಾಫಿ ಕೊಟ್ಟು ಸಮಾಧಾನ ಮಾಡಿದರು. "ಅತ್ತೆ ಇಡೋ ಜಾಗ ನಂಗೆ ಗೊತ್ತು ಮೇಡಂ. ನಾನಿದ್ರೆ ತೆಗೀತೀನಿ."

ಆಗ ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ. "ಹಗಲು ಮನೇಲಿ ಯಾರಿರ್ತಾರೆ?"

ಮಗ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಕೆಲಸ, ಎಂಟು ಗಂಟೆಯ ಬಸ್ಸು. ಟೀಚರ್ ಒಂಬತ್ತಕ್ಕೆ ಸ್ಕೂಲಿಗೆ. ಮಗು ಎಲ್‌ಕೆಜಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ, ಮೇಲಿನ ರೂಮಿನಲ್ಲಿ ಅಜ್ಜಿಯ ಪಕ್ಕ ಮಲಗುತ್ತದೆ. ಐದು ಗಂಟೆಯ ತನಕ ಮನೆಯಲ್ಲಿ ಅವರಿಬ್ಬರೇ.

ಅಂದರೆ ನಾನು ಇಷ್ಟು ದಿನ ಚುರುಕಾದ ಸೊಸೆಯನ್ನು ಕಣ್ಣ ಮುಂದಿಟ್ಟುಕೊಂಡು ಕಿಟಕಿ ಮಾಡುತ್ತಿದ್ದೆ. ತೆರೆಯಬೇಕಾದವರು ಅಜ್ಜಿ. ಬೀಗದ ಕೈ ಬೇಡ, ಬಲ ಬೇಡ, ಎತ್ತರ ಬೇಡ. ಅಜ್ಜಿ ಕಣ್ಣು ಮುಚ್ಚಿಕೊಂಡು ತೆರೆಯುವಂತಿರಬೇಕು, ಪಕ್ಕದಲ್ಲೇ ಮಲಗಿರುವ ಮೊಮ್ಮಗಳು ಕಣ್ಣು ಬಿಟ್ಟುಕೊಂಡೂ ತೆರೆಯುವಂತಿರಬಾರದು. ಇಬ್ಬರಲ್ಲಿ ಏನು ವ್ಯತ್ಯಾಸ? ಎತ್ತರ ಮಂಚದಿಂದಾಗಿ ಲೆಕ್ಕಕ್ಕಿಲ್ಲ. ಬುದ್ಧಿಯ ವಿಷಯದಲ್ಲಿ, ಆ ಮಗುವಿನ ಕೀಟಲೆ ನೋಡಿದರೆ, ನಾನು ಪಣ ಕಟ್ಟಲು ತಯಾರಿರಲಿಲ್ಲ.

ಲೋಟ ಕೈಯಲ್ಲಿ ಹಿಡಿದು ಯೋಚಿಸುತ್ತಿರುವಾಗ ಬಾಗಿಲಿಗೆ ಹೂವಿನವಳು ಬಂದಳು. ಅಜ್ಜಿ ಎರಡು ಮಾರು ಸೇವಂತಿಗೆ ಕೇಳಿದರು. ಹೂವಿನವಳು ಎರಡೂ ತೋಳು ಚಾಚಿ ಒಂದು ಮಾರು ಅಳೆದಳು.

"ಇದೇನು ಮಾರಾಯ್ತಿ, ಕೈ ಮಡಚಿ ಅಳೀತಿದ್ದೀಯ? ಪೂರ್ತಿ ಚಾಚು."

"ನನ್ ಕೈ ಇರೋದೇ ಇಷ್ಟಮ್ಮಾ. ದೇವ್ರನ್ನ ಕೇಳಿ."

"ನಿನ್ ಮಾರು ಬೇಡ. ನನ್ ಮಾರಲ್ಲಿ ಅಳಿ" ಎಂದು ಅಜ್ಜಿ ತಾವೇ ತೋಳು ಚಾಚಿದರು. ಇಬ್ಬರ ಮಾರೂ ಒಂದೇ ಅಳತೆ ಬಂತು. ಅಷ್ಟರಲ್ಲಿ ಮಗು ನಡುವೆ ನುಗ್ಗಿ, "ನಂದೂ ಮಾರು! ನಂದೂ ಮಾರು!" ಎಂದು ತನ್ನ ಎರಡು ಕೈಯನ್ನೂ ಗಿಣಿಯ ರೆಕ್ಕೆಯ ಹಾಗೆ ಅಗಲಿಸಿ ನಿಂತಿತು. ಹೂವಿನವಳು ನಗುತ್ತಾ ದಾರದ ಒಂದು ತುದಿಯನ್ನು ಅದರ ಒಂದು ಕೈಗೆ ಕೊಟ್ಟು ಇನ್ನೊಂದು ಕೈಯ ತನಕ ಎಳೆದಳು.

ನಾನು ಲೋಟ ಕೆಳಗಿಟ್ಟು ಟೇಪು ತೆಗೆದೆ. ಮಗುವಿನ ಮಾರು ಮೂರಡಿ ಎರಡಿಂಚು. ಅಜ್ಜಿಯದು ನಾಲ್ಕಡಿ ಹತ್ತಿಂಚು. ನನಗೆ ಬೇಕಾದ ವ್ಯತ್ಯಾಸ ಅಲ್ಲಿ ಹೂವಿನ ಜೊತೆ ನಿಂತಿತ್ತು. ಹೂವಿನವಳಿಗೆ ಯಾಕೆ ಅಷ್ಟು ಸಲ ಥ್ಯಾಂಕ್ಸ್ ಹೇಳಿದೆ ಎಂದು ಅವಳಿಗೆ ಇವತ್ತಿಗೂ ಗೊತ್ತಿರಲಾರದು.

ಭದ್ರಾವತಿಗೆ ಬಂದು ವೆಲ್ಡರಿಗೆ ಹೇಳಿದೆ: ಎರಡು ಚಿಲಕ, ಎರಡು ಹಿಡಿಕೆ, ಒಂದರಿಂದ ಒಂದು ನಾಲ್ಕಡಿ ದೂರ. ಎರಡನ್ನೂ ಒಟ್ಟಿಗೆ ಎಳೆದು ಹಿಡಿದರೆ ಮಾತ್ರ ಬಾಗಿಲು ಬಿಡಬೇಕು. ಒಂದನ್ನು ಬಿಟ್ಟರೂ ಸ್ಪ್ರಿಂಗು ಚಿಲಕವನ್ನು ಹಿಂದಕ್ಕೆ ತಳ್ಳಬೇಕು.

ಅವರ ಮುಖ ಅರಳಿತು. ಹಿಂದೆ ಅವರು ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿದ್ದವರು. "ನಮ್ಮ ಪ್ರೆಸ್ ಮಿಷಿನ್ನಲ್ಲಿ ಇದೇ ಇತ್ತಲ್ಲಮ್ಮಾ! ಎರಡು ಬಟನ್. ಎರಡು ಕೈಲೂ ಒಟ್ಟಿಗೆ ಒತ್ತಿದ್ರೆ ಮಾತ್ರ ಪ್ರೆಸ್ ಇಳಿಯೋದು. ಕೈ ಒಳಗಿದ್ರೆ ಇಳಿಯಲ್ಲ. ಆದ್ರೆ ಒಂದು ಮಾತು. ಒಂದು ಬಟನ್ನಿಗೆ ಕಡ್ಡಿ ಚುಚ್ಚಿಟ್ಟು ಒಂದೇ ಕೈಲಿ ಕೆಲಸ ಮಾಡೋ ಬುದ್ಧಿವಂತರೂ ನಮ್ಮಲ್ಲಿ ಇದ್ರು."

ಆ ಕೊನೆಯ ಮಾತನ್ನು ನಾನು ಗಮನಕೊಟ್ಟು ಕೇಳಬೇಕಿತ್ತು. ಕೇಳಲಿಲ್ಲ.

ಒಂದು ವಾರದಲ್ಲಿ ಪೂರ್ತಿ ಅಳತೆಯ ಮಾದರಿ ತಯಾರಾಯಿತು. ಅದನ್ನು ವರ್ಕ್‌ಶಾಪಿನ ಕಂಬಗಳ ನಡುವೆ ನಿಲ್ಲಿಸಿ, ಮುಂದೆ ಒಂದು ಹಳೆಯ ಮಂಚ ಹಾಕಿದೆವು. ಅಜ್ಜಿಗೆ ಭದ್ರಾವತಿಯಲ್ಲಿ ತಂಗಿಯ ಮನೆಯಿತ್ತು. ಅಲ್ಲಿಗೆ ಬರುವವರು ಹಾಗೇ ಮೊಮ್ಮಗಳನ್ನೂ ಕರೆದುಕೊಂಡು ನಮ್ಮಲ್ಲಿಗೆ ಬಂದರು. ಕಬ್ಬಿಣದ ಚೂರು ಕಾಲಿಗೆ ಚುಚ್ಚದಂತೆ ಗೋಣಿ ಹಾಸಿ ಸ್ವಾಗತಿಸಿದೆವು.

ಮೊದಲ ಸೋಲು ಐದೇ ನಿಮಿಷಕ್ಕೆ. ಹಿಡಿಕೆಯಿಂದ ಚಿಲಕಕ್ಕೆ ಸರಳು ಜೋಡಿಸುವುದು ಸುಲಭ ಎಂದು ನಾನು ಒಂದು ಹಿಡಿಕೆಯನ್ನು ಕೆಳಗಿನ ಬಲಮೂಲೆಗೆ, ಇನ್ನೊಂದನ್ನು ಮೇಲಿನ ಎಡಮೂಲೆಗೆ ಇಟ್ಟಿದ್ದೆ. ಅಜ್ಜಿ ಮಂಚದ ಮೇಲೆ ಮಂಡಿಯೂರಿ ಬಲಗೈ ಕೊಟ್ಟರು. ಎಡಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು.

"ಭುಜ ಹಿಡ್ಕೊಂಡು ಎಂಟು ತಿಂಗಳಾಯ್ತು. ಇದಕ್ಕಿಂತ ಮೇಲೇಳಲ್ಲ."

"ಮೊನ್ನೆ ಮಾರು ಹಾಕಿದ್ರಲ್ಲಮ್ಮಾ?"

"ಅದು ಅಡ್ಡಕ್ಕೆ, ಕೆಳಗೆ. ಹೂವನ್ನ ಆಕಾಶಕ್ಕೆ ಅಳೀತಾರಾ?"

ಸರಿಯಾದ ಮಾತು. ಅವತ್ತು ಅವರು ತೋಳನ್ನು ಸೊಂಟದ ಕಡೆಗೆ ಇಳಿಬಿಟ್ಟೇ ಚಾಚಿದ್ದು ನೆನಪಾಯಿತು. ಮಾರು ಅಳೆದ ಜಂಭದಲ್ಲಿ ನಾನು ಭುಜವನ್ನು ನೋಡಿರಲಿಲ್ಲ. ಎರಡು ಹಿಡಿಕೆಯನ್ನೂ ಕೆಳಗೆ, ಕಟ್ಟೆಯಿಂದ ಆರಿಂಚು ಮೇಲೆ, ಒಂದೇ ಸಾಲಿನಲ್ಲಿ ಎಡತುದಿಗೊಂದು ಬಲತುದಿಗೊಂದು ಇಡಲು ತೀರ್ಮಾನಿಸಿದೆ. ವೆಲ್ಡರು ಗೊಣಗುತ್ತಲೇ ಸರಳು ಬಗ್ಗಿಸಿ ಜೋಡಿಸಿದರು. ಅಷ್ಟು ಹೊತ್ತು ಅಜ್ಜಿ ಗೋಣಿಯ ಮೇಲೆ ಕೂತು, ನಮ್ಮ ಟೀ ಕುಡಿದು, ಸಕ್ಕರೆ ಜಾಸ್ತಿಯಾಯಿತು ಎಂದು ಹೇಳಿದರು.

ಈ ಸಲ ಅಜ್ಜಿ ಮಂಡಿಯೂರಿ, ಎರಡು ಕೈಯನ್ನೂ ಇಳಿಜಾರಾಗಿ ಚಾಚಿ ಎಳೆದರು. ಟಕ್ ಎಂದು ಬಾಗಿಲು ಬಿಟ್ಟಿತು. ಆಮೇಲೆ ಮಗುವಿನ ಸರದಿ. ಒಂದು ಹಿಡಿಕೆ ಹಿಡಿದರೆ ಇನ್ನೊಂದು ಒಂದು ಅಡಿ ದೂರ. ಕಾಲು ಚಾಚಿ ನೋಡಿತು, ಮಲಗಿ ನೋಡಿತು, ಹಲ್ಲಿನಲ್ಲಿ ಕಚ್ಚಲೂ ನೋಡಿತು. ಆಗಲಿಲ್ಲ. ನಾನು ವೆಲ್ಡರ ಕೈ ಕುಲುಕಿದೆ.

ಆಗ ಸ್ಕೂಲು ಬಿಟ್ಟು ನನ್ನ ಮಗಳು ಬಂದಳು. ಆರು ವರ್ಷ. ಬ್ಯಾಗು ಎಸೆದು ಮಂಚ ಹತ್ತಿದಳು. ಇಬ್ಬರೂ ಒಂದು ನಿಮಿಷ ಪಿಸಪಿಸ ಮಾತಾಡಿಕೊಂಡರು. ಅವಳು ಎಡದ ಹಿಡಿಕೆ ಹಿಡಿದಳು, ಈ ಮಗು ಬಲದ ಹಿಡಿಕೆ ಹಿಡಿಯಿತು. "ಒಂದು, ಎರಡು, ಮೂರು!"

ಟಕ್.

ಇಬ್ಬರೂ ಕುಣಿದಾಡಿದರು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ವೆಲ್ಡರು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಹೇಳಿದ್ನಲ್ಲಮ್ಮಾ ನಾನು! ಬಟನ್ ಎರಡಿದ್ರೆ ಸಾಲದು, ಆಳು ಒಬ್ಬನೇ ಅಂತ ಮಿಷಿನ್ನಿಗೆ ಗೊತ್ತಾಗ್ಬೇಕು."

"ಗೊತ್ತು ಮಾಡೋದು ಹೇಗೆ, ನೀವೇ ಹೇಳಿ" ಎಂದೆ ಸಿಟ್ಟಿನಲ್ಲಿ.

ಸ್ಪ್ರಿಂಗು ಬಿಗಿ ಮಾಡಿದರೆ ಅಜ್ಜಿಯ ಭುಜಕ್ಕೆ ಆಗದು. ಇನ್ನೂ ದೂರ ಇಟ್ಟರೆ ಅಜ್ಜಿಗೇ ಎಟುಕದು. ವಿನೋಬನಗರದ ಆ ರಸ್ತೆಯಲ್ಲಿ ಮಕ್ಕಳಿಗೇನು ಬರವೇ? ಸಂಜೆಯಾದರೆ ಮನೆತುಂಬ ಮಕ್ಕಳು. ಅಜ್ಜಿ ಎದ್ದು ಸೀರೆ ಕೊಡವಿಕೊಂಡರು. "ಇರ್ಲಿ ಬಿಡು ಮಾರಾಯ್ತಿ, ಹಳೇ ಥರ ಮುಚ್ಚಿದ್ದೇ ಹಾಕು. ದೇವರಿದ್ದಾನೆ" ಎಂದರು. ದೇವರ ಮೇಲೆ ಹಾಕಿಬಿಡುವ ಆಸೆ ನನಗೂ ಆಯಿತು. ಆದರೆ ಹೊಗೆಯಲ್ಲಿ ಸರಳು ಹಿಡಿದು ನಿಂತ ತಾಯಿ ಮಗಳು ನನ್ನ ಕಣ್ಣ ಮುಂದಿದ್ದರು.

"ಅಮ್ಮಾ, ಇನ್ನೊಂದೇ ಸಲ ತೆಗೀರಿ" ಎಂದೆ. "ನಾನು ನೋಡ್ಬೇಕು."

ಪಕ್ಕದಲ್ಲಿ ನಿಂತು ನೋಡಿದೆ. ಅಜ್ಜಿ ಎರಡು ಕೈ ಚಾಚಿದಾಗ ಅವರ ಮೈಯೆಲ್ಲ ಮುಂದಕ್ಕೆ ಬಾಗಿ, ಎದೆ ನೇರವಾಗಿ ಬಾಗಿಲಿನ ಮೇಲೆ ಒರಗಿತ್ತು. ಮಕ್ಕಳು ತೆರೆದಾಗ? ಒಬ್ಬಳು ಎಡತುದಿಯಲ್ಲಿ, ಒಬ್ಬಳು ಬಲತುದಿಯಲ್ಲಿ. ನಡುವೆ ಬಾಗಿಲ ಮುಂದೆ ಯಾರೂ ಇರಲಿಲ್ಲ. ಒಬ್ಬರೇ ಎರಡನ್ನೂ ಹಿಡಿದಾಗ ಮಾತ್ರ ನಡುವೆ ಎದೆ ಬರುತ್ತದೆ.

"ಬಾಗಿಲು ತಾನಾಗಿ ಬಿಡಬಾರ್ದು!" ಎಂದು ನಾನು ಕೂಗಿದ್ದಕ್ಕೆ ಪಕ್ಕದ ಪಂಕ್ಚರ್ ಅಂಗಡಿಯವರು ಇಣುಕಿ ನೋಡಿದರು. "ಬಿಗಿ ಸ್ಪ್ರಿಂಗ್ ಚಿಲಕಕ್ಕಲ್ಲ, ಬಾಗಿಲು ತಿರುಗೋ ಕೀಲಿಗೆ ಹಾಕ್ಬೇಕು. ಚಿಲಕ ಎಳೆದ್ರೂ ಬಾಗಿಲು ಮುಚ್ಚೇ ಇರ್ಲಿ. ದೊಡ್ಡವರ ಮೈಭಾರ ಬಿದ್ರೆ ಮಾತ್ರ ತೆರೀಬೇಕು."

ಚಿಲಕದ ಸ್ಪ್ರಿಂಗನ್ನು ಎರಡು ಬೆರಳಿಗೆ ಎಳೆಯುವಷ್ಟು ಮೆತ್ತಗೆ ಮಾಡಿ, ಗಟ್ಟಿ ಸ್ಪ್ರಿಂಗಿನ ಕೀಲು ಹಾಕಿದೆವು. ಬಾಗಿಲು ಪೂರ್ತಿ ತೆರೆದ ಮೇಲೆ ಹೊರಗೋಡೆಯ ಕೊಕ್ಕೆಗೆ ತಾನಾಗಿ ಸಿಕ್ಕಿ ನಿಲ್ಲುವಂತೆ ಮಾಡಿದೆವು. ಇಲ್ಲದಿದ್ದರೆ ದಾಟುವವರ ಬೆನ್ನಿಗೆ ಹೊಡೆಯುತ್ತದೆ. ಸ್ಪ್ರಿಂಗಿನ ಬಿಗಿ ಹೊಂದಿಸಲು ಮೂರು ದಿನ ಹಿಡಿಯಿತು. ಮೊದಲು ಮಕ್ಕಳಿಗೆ ಬಿಟ್ಟಿತು, ಆಮೇಲೆ ನನಗೂ ಬಿಡಲಿಲ್ಲ, ಮೂರನೆಯ ದಿನ ಅಜ್ಜಿ ಒರಗಿದರೆ ಬಿಡುವ ಹದಕ್ಕೆ ಬಂತು. ಅಜ್ಜಿ ಮೂರು ದಿನವೂ ತಂಗಿಯ ಮನೆಯಿಂದ ನಡೆದು ಬಂದರು. ಮೊದಲ ದಿನ ಬೇಡ ಎಂದವರು ಮೂರನೆಯ ದಿನ ವೆಲ್ಡರಿಗೇ, "ಇನ್ನೊಂದ್ಚೂರು ಸಡಿಲ ಮಾಡಪ್ಪ" ಎಂದು ಹೇಳಿಕೊಡುತ್ತಿದ್ದರು. ಮಕ್ಕಳು ಇಬ್ಬರೂ ಹಿಡಿಕೆ ಎಳೆದು, ಕೂಗಿ, ಕೆಂಪಾಗಿ, ಕೊನೆಗೆ ಬೇಸರದಿಂದ ಬೇರೆ ಆಟಕ್ಕೆ ಹೋದರು.

"ಮೂರು ಮಕ್ಕಳು ಬಂದ್ರೆ?" ಎಂದು ಕೇಳಿದವರು ಟೀಚರ್, ಫೋನಿನಲ್ಲಿ.

ಮೂರನೆಯ ಮಗುವೂ ಒರಗಿದರೆ ಬಿಡುತ್ತದೋ ಏನೋ, ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಅದಕ್ಕೆ ಒಂದೊಂದು ಹಿಡಿಕೆಗೂ ಸೈಕಲ್ ಬೆಲ್ಲು ಕಟ್ಟಿದೆ. ಯಾವುದನ್ನು ಮುಟ್ಟಿದರೂ ಕೆಳಗಿನ ಅಡಿಗೆಮನೆಗೆ ಕೇಳಿಸುತ್ತದೆ. ಪೂರ್ತಿ ಭದ್ರ ಎನ್ನುವುದು ಇಲ್ಲ, ಬೆಲ್ಲು ಕೇಳಿದರೆ ಎದ್ದು ನೋಡಬೇಕು ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ. ಪೇಂಟರಿಗೆ ಚಿಲಕದ ನಾಲಿಗೆಗೆ ಬಣ್ಣ ಮುಟ್ಟಿಸಬಾರದು ಎಂದು ಮೂರು ಸಲ ಹೇಳಿ, ನಂಬಿಕೆ ಸಾಲದೆ ಪಕ್ಕದಲ್ಲೇ ನಿಂತೆ. ಬಣ್ಣ ಒಣಗಿ ನಾಲಿಗೆ ಅಂಟಿಕೊಂಡರೆ ಇಷ್ಟು ದಿನದ ಕೆಲಸ ನೀರುಪಾಲು.

ವಿನೋಬನಗರದಲ್ಲಿ ಕೂರಿಸಿದ ದಿನ ಮನೆಯವರೆಲ್ಲ ಇದ್ದರು. ಮಗನೂ ರಜ ಹಾಕಿದ್ದರು. ಅಜ್ಜಿ ಮೊದಲು ತೆಂಗಿನಕಾಯಿ ತಂದು ಒಂದೊಂದು ಸಂದಿಗೂ ಹಿಡಿದು ನೋಡಿದರು. ಎಲ್ಲೂ ತೂರಲಿಲ್ಲ. ಅದೇ ಕಾಯಿಯನ್ನು ಒಡೆದು ಕಿಟಕಿಗೆ ಪೂಜೆ ಮಾಡಿದರು.

ಪರೀಕ್ಷೆಗೆ ಅಜ್ಜಿಯೇ ಒಂದು ಷರತ್ತು ಹಾಕಿದರು. "ಹೊಗೇಲಿ ಕಣ್ಣು ಕಾಣಲ್ಲ" ಎಂದು ಸೆರಗನ್ನು ಕಣ್ಣಿಗೆ ಸುತ್ತಿಕೊಂಡರು. ಮೊಮ್ಮಗಳನ್ನು ಬೆನ್ನ ಹಿಂದೆ ನಿಲ್ಲಿಸಿ, "ನನ್ ಸೊಂಟ ಬಿಡ್ಬೇಡ" ಎಂದರು. ಮಂಚದ ಮೇಲೆ ಮಂಡಿಯೂರಿ ತಡಕಾಡಿದರು. ಬಲಗೈಗೆ ಹಿಡಿಕೆ ಸಿಕ್ಕಿತು. ಎಡಗೈ ಗಾಳಿಯಲ್ಲಿ ಹುಡುಕಿತು. ಟೀಚರ್ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಉಗುರಿನ ಗುರುತು ಎರಡು ದಿನ ಉಳಿಯುವಷ್ಟು. ಎಡಗೈಗೂ ಸಿಕ್ಕಿತು. ಎರಡು ಬೆಲ್ಲೂ ಒಟ್ಟಿಗೆ ಕಿಣಿಕಿಣಿ ಎಂದವು. ಅಜ್ಜಿ ಒರಗಿದರು. ಬಾಗಿಲು ತೆರೆದು ಕೊಕ್ಕೆಗೆ ಸಿಕ್ಕಿ ನಿಂತಿತು.

ಒಂದು ನಿಮಿಷವೂ ಆಗಿರಲಿಲ್ಲ. ಅಜ್ಜಿ ಸೆರಗು ಬಿಚ್ಚಿ, ಹಾಸಿಗೆಯಿಂದ ಕಟ್ಟೆಗೆ, ಕಟ್ಟೆಯಿಂದ ನಾನು ಗೋಡೆಗೆ ಹಾಕಿದ್ದ ಕಬ್ಬಿಣದ ಮೆಟ್ಟಿಲಿಗೆ, ಅಲ್ಲಿಂದ ತಾರಸಿಗೆ ಇಳಿದರು. ಮಗುವಿಗೆ ಏಣಿಯಾಗಿದ್ದ ಮಂಚ ಅಜ್ಜಿಗೆ ಮೆಟ್ಟಿಲಾಯಿತು. ಮೊಮ್ಮಗಳನ್ನೂ ಎತ್ತಿ ಇಳಿಸಿಕೊಂಡು, ಕಂಬಿಗೆ ಒರಗಿ ಕೂತು, "ಗಾಳಿ ಎಷ್ಟು ಚೆನ್ನಾಗಿದೆ! ಕಾಫಿ ಇಲ್ಲಿಗೇ ತಗೊಂಡು ಬಾ" ಎಂದು ಸೊಸೆಗೆ ಹೇಳಿದರು. ಟೀಚರ್ ನಗುತ್ತಲೇ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಮುಚ್ಚಿಡುವುದೇನು.

ಹೊರಡುವಾಗ ಮತ್ತೆ ಮೇಲೆ ಹೋದೆ, ಟೇಪು ಅಲ್ಲೇ ಬಿಟ್ಟಿದ್ದೆ. ಬೆಲ್ಲಿನ ಸದ್ದು ಕೇಳಿಸಿತು. ಮಗು ಮಂಚದ ಮೇಲೆ ನಿಂತು, ಕೆನ್ನೆಯನ್ನು ಸರಳಿಗೆ ಒತ್ತಿಕೊಂಡು, ಒಂದು ಕೈಯಲ್ಲಿ ಒಂದು ಹಿಡಿಕೆ ಹಿಡಿದು ಇನ್ನೊಂದಕ್ಕೆ ಚಾಚುತ್ತಿತ್ತು. ಸಿಗಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ತಡೆಯಲಿಲ್ಲ, ಬಯ್ಯಲೂ ಇಲ್ಲ.

"ನಿಂಗೆ ಸಿಗೋ ಹೊತ್ತಿಗೆ ನನ್ ಕೈಗೆ ಇದು ಸಿಗಲ್ಲ ಕಣೇ" ಎಂದರು. "ಆಗ ನೀನು ತೆಗಿ. ನನ್ನ ಕರ್ಕೊಂಡು ಹೋಗು."

ಮಗು ಆಯಿತು ಎಂದು ತಲೆಯಾಡಿಸಿ, ಮೂಗೊರೆಸಿಕೊಂಡು, ಮತ್ತೊಮ್ಮೆ ಕೈ ಚಾಚಿತು.